ಅತಿಯಾಗಿ ನೋಡಿಸಿಕೊಂಡವರು, ಯಾರೂ ನೋಡದವರು

ಭಾವಚಿತ್ರ ತೆಗೆಯುವ ನನ್ನ ಕೆಲಸದಲ್ಲಿ ಎರಡು ಬಗೆಯ ಜನ ಎದುರು ಕೂರುತ್ತಾರೆ. ಮುಖದ ಮೇಲೆ ಸುಟ್ಟ ಕಲೆ ಇರುವವರು, ತೊನ್ನು ಇರುವವರು, ಮೂರೂವರೆ ಅಡಿ ಎತ್ತರದವರು, ಮೈತುಂಬ ಹಚ್ಚೆ ಹಾಕಿಸಿಕೊಂಡವರು ಒಂದು ಕಡೆ. ಇವರು ಬೀದಿಗೆ ಇಳಿದರೆ ಸಾಕು, ಹತ್ತು ಜೊತೆ ಕಣ್ಣುಗಳು ಬೆನ್ನಿಗೆ ಬೀಳುತ್ತವೆ. ಇನ್ನೊಂದು ಕಡೆ ಶವಾಗಾರದಲ್ಲಿ ಹೆಣ ತೊಳೆಯುವವರು, ರಾತ್ರಿ ಪಾಳಿಯ ಕಾವಲುಗಾರರು, ಆಸ್ಪತ್ರೆಯ ನೆಲ ಒರೆಸುವವರು, ರಸ್ತೆ ಅಗೆಯುವವರು. ದಿನವೂ ಅವರ ಪಕ್ಕದಲ್ಲೇ ಹಾದುಹೋಗುವವರಿಗೂ ಅವರ ಮುಖ ನೆನಪಿರುವುದಿಲ್ಲ. ಮೊದಲಿನವರನ್ನು ಲೋಕ ಅತಿಯಾಗಿ ನೋಡಿದೆ, ಎರಡನೆಯವರನ್ನು ನೋಡಿಯೇ ಇಲ್ಲ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟಿ ಒಂದೇ ಲೆನ್ಸು, ಒಂದೇ ಬೆಳಕು, ಒಂದೇ ಮಾತಿನಿಂದ ಶುರು ಮಾಡುತ್ತಾರೆ. ಚಿತ್ರ ಕೆಡುವುದು ಹೆಚ್ಚಾಗಿ ಅಲ್ಲೇ.

ಅತಿಯಾಗಿ ನೋಡಿಸಿಕೊಂಡವರಿಗೆ ನೋಟ ಓದುವುದು ಚೆನ್ನಾಗಿ ಗೊತ್ತು. ಎದುರಿನವರ ಕಣ್ಣು ಕಲೆಯ ಮೇಲೆ ಹೋಯಿತೇ, ಹೋಗಿ ಗಾಬರಿಯಿಂದ ವಾಪಸ್ ಬಂತೇ, ಬೇಕೆಂದೇ ತಪ್ಪಿಸಿ ಕಿವಿಯ ಹತ್ತಿರ ಎಲ್ಲೋ ನಿಂತಿತೇ, ಇದೆಲ್ಲ ಅವರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಹಾಗಾಗಿ ನಾನು ಕಾಣದವರ ಹಾಗೆ ನಟಿಸುವುದಿಲ್ಲ. ಕ್ಯಾಮೆರಾ ಚೀಲದಿಂದ ಹೊರಗೆ ಬರುವ ಮೊದಲೇ ನೇರವಾಗಿ ಕೇಳುತ್ತೇನೆ: "ಈ ಕಲೆ ಚಿತ್ರದಲ್ಲಿ ಹೇಗೆ ಬರಬೇಕು? ಎದ್ದು ಕಾಣಬೇಕೇ, ಇರುವಷ್ಟೇ ಇರಲೇ, ಆ ಕಡೆಯ ಕೆನ್ನೆ ನೆರಳಿಗೆ ಹೋಗಲೇ?" ಹೆಚ್ಚಿನವರ ಹತ್ತಿರ ಉತ್ತರ ಮೊದಲೇ ಸಿದ್ಧವಿರುತ್ತದೆ, ಕೇಳಿದವರು ಇರಲಿಲ್ಲ ಅಷ್ಟೇ. ಆಮೇಲೆ ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟು, ಅವರು ಕೂರಬೇಕಾದ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಅದೇ ಬೆಳಕು, ಅದೇ ದೂರ. ಮೂರು ನಾಲ್ಕು ಫೋಟೊ ಅವರೇ ತೆಗೆಯುತ್ತಾರೆ. ಆ ಲೆನ್ಸಿನಿಂದ ಮುಖ ಎಷ್ಟು ದೊಡ್ಡದಾಗಿ ಕಾಣುತ್ತದೆ, ಚೌಕಟ್ಟು ಎಲ್ಲಿ ಮುಗಿಯುತ್ತದೆ ಎಂಬುದು ಆಗ ಅವರಿಗೆ ಗೊತ್ತಾಗುತ್ತದೆ. ಭುಜದ ಬಿಗಿ ಇದರಿಂದ ಸಡಿಲವಾಗುವಷ್ಟು ಯಾವ ಸಮಾಧಾನದ ಮಾತಿನಿಂದಲೂ ಆಗುವುದಿಲ್ಲ.

ಯಾರೂ ನೋಡದವರ ತೊಡಕು ಬೇರೆ. "ನನ್ನದ್ಯಾಕೆ? ನಮ್ಮ ಸಾಹೇಬರದ್ದು ತೆಗೀರಿ" ಎನ್ನುತ್ತಾರೆ, ಹಾಗೆನ್ನುವಾಗ ಅರ್ಧ ಹೆಜ್ಜೆ ಹಿಂದೆ ಸರಿದಿರುತ್ತಾರೆ. ಇಲ್ಲಿ "ನೀವು ಸಮಾಜಕ್ಕೆ ಸ್ಫೂರ್ತಿ" ಎಂಬಂಥ ಮಾತು ಕೆಲಸ ಮಾಡುವುದಿಲ್ಲ, ಮಾಡಲೂಬಾರದು. ಅವರ ಕೆಲಸದಲ್ಲಿ ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು: ಒದ್ದೆ ನೆಲದ ಮೇಲೆ ಯಾರೂ ಜಾರದಂತೆ ಮೊದಲು ಒಂದೇ ಬದಿ ಒರೆಸಿ, ಅದು ಒಣಗಿದ ಮೇಲೆ ಇನ್ನೊಂದು ಬದಿಗೆ ಹೋಗುತ್ತೀರಲ್ಲ, ಅದನ್ನು ನೋಡಿದೆ ಎಂದು. ಅದಕ್ಕಾಗಿ ಮೊದಲ ಭೇಟಿಯಲ್ಲಿ ಕ್ಯಾಮೆರಾ ಒಯ್ಯುವುದೇ ಇಲ್ಲ. ಒಂದು ಪಾಳಿಯ ಕೆಲಸ ಸುಮ್ಮನೆ ನೋಡುತ್ತೇನೆ, ಬೆಳಕು ಎಷ್ಟು ಹೊತ್ತಿಗೆ ಎಲ್ಲಿಂದ ಬೀಳುತ್ತದೆ ಎಂದು ಬರೆದುಕೊಳ್ಳುತ್ತೇನೆ.

ಒಪ್ಪಿಗೆ ಎಂಬುದರೊಳಗೆ ಮೂರು ಪ್ರಶ್ನೆಗಳಿವೆ, ಮೂರನ್ನೂ ಬಿಡಿಬಿಡಿಯಾಗಿ ಕೇಳಬೇಕು. ಫೋಟೊ ತೆಗೆಯಬಹುದೇ? ಪ್ರದರ್ಶನದಲ್ಲಿ ತೂಗುಹಾಕಬಹುದೇ? ಇಂಟರ್ನೆಟ್ಟಿಗೆ ಹಾಕಬಹುದೇ? ಮೂರನೆಯದನ್ನು ಅದೇ ದಿನ ಕೇಳಬಾರದು. ಚಿತ್ರಗಳನ್ನು ಅವರು ನೋಡಿ, ಒಂದು ವಾರ ಕಳೆದು, ಮನೆಯವರ ಹತ್ತಿರ ಮಾತಾಡಿದ ಮೇಲೆ ಕೇಳಬೇಕು. ಕೇಳುವಾಗ ಒಂದು ಮಾತನ್ನು ಮುಚ್ಚಿಡಬಾರದು: ನನ್ನ ಪುಟದಿಂದ ಯಾವಾಗ ಬೇಕಾದರೂ ತೆಗೆದುಹಾಕಬಲ್ಲೆ, ಆದರೆ ಅಷ್ಟರಲ್ಲಿ ಬೇರೆಯವರು ಉಳಿಸಿಕೊಂಡದ್ದನ್ನು ವಾಪಸ್ ತರಲಾರೆ. ಒಪ್ಪಿಗೆ ಪತ್ರ ಅವರ ಭಾಷೆಯಲ್ಲಿ ಒಂದೇ ಪುಟ ಇರಲಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ, ಅವರು ಅದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುವುದನ್ನು ಧ್ವನಿಮುದ್ರಣ ಮಾಡಿಕೊಳ್ಳಬೇಕು. ಬರೀ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕಿಂತ ಅದು ಎಷ್ಟೋ ಮೇಲು.

ಕೆಲಸದ ಜಾಗದಲ್ಲಿ ತೆಗೆಯುವಾಗ ಮೇಲಧಿಕಾರಿ ಕೊಡುವ ಅನುಮತಿ ಆ ಜಾಗಕ್ಕೆ ಮಾತ್ರ, ವ್ಯಕ್ತಿಗೆ ಅಲ್ಲ. ಅವರು ಪಕ್ಕದಲ್ಲಿ ನಿಂತಿರುವಾಗ ಸಿಕ್ಕ "ಹೂಂ" ಲೆಕ್ಕಕ್ಕಿಲ್ಲ. ಅವರಿಲ್ಲದ ಕಡೆ ಇನ್ನೊಮ್ಮೆ ಕೇಳಿ, ಬೇಡ ಎಂದರೆ "ಬೆಳಕು ಸರಿಯಿಲ್ಲ" ಎಂದು ನನ್ನ ಮೇಲೆ ಹಾಕಿಕೊಂಡು ಹೊರಡುತ್ತೇನೆ. ಹಾಗೆ ಮಾಡಿದರೆ ಬೇಡ ಎಂದವರಿಗೆ ಆಮೇಲೆ ತೊಂದರೆಯಾಗದು. ಕೂತವರ ಸಮಯಕ್ಕೆ ಹಣ ಕೊಡುವುದಾದರೆ ಮೊದಲೇ ಮಾತಾಡಿ, ಮೊದಲೇ ಕೊಡಬೇಕು. ಒಂದು ಫೋಟೊವೂ ಚೆನ್ನಾಗಿ ಬರದಿದ್ದರೂ ಆ ಹಣ ಅವರದ್ದೇ. ಫೋಟೊ ಮುಗಿದ ಮೇಲೆ ಜೇಬಿಗೆ ಕೈ ಹಾಕಿದರೆ ಅದು ಭಿಕ್ಷೆಯಾಗಿಬಿಡುತ್ತದೆ.

ಕೂತವರ ಹೆಸರು ಕೇಳುವುದನ್ನೂ ನಾನು ಗಂಭೀರವಾಗಿ ಹಿಡಿದಿದ್ದೇನೆ, ಅದಕ್ಕೆ ಒಂದು ಹಳೆಯ ಕಾರಣವಿದೆ. 1936ರಲ್ಲಿ ಫೋಟೊಗ್ರಾಫರ್ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವವರ ಬಿಡಾರದಲ್ಲಿ ತೆಗೆದ ತಾಯಿಯ ಚಿತ್ರ ಜಗತ್ತಿನಲ್ಲೇ ಹೆಚ್ಚು ಪರಿಚಿತವಾದ ಭಾವಚಿತ್ರಗಳಲ್ಲೊಂದು. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಹೊರಬಂದದ್ದು 1978ರಲ್ಲಿ, 42 ವರ್ಷಗಳ ನಂತರ. ಆ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂದು ಆಕೆ ನೊಂದು ಹೇಳಿದ್ದರು. ಚಿತ್ರ ಎಷ್ಟೇ ದೊಡ್ಡದಿರಲಿ, ಆ ನೋವು ಅದರ ಜೊತೆಗೇ ಅಂಟಿಕೊಂಡಿದೆ.

ಇನ್ನು ದೂರದ ಮಾತು. ಮುಖದ ಆಕಾರ ಬದಲಾಗುವುದು ಲೆನ್ಸಿನಿಂದ ಎಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಅದನ್ನು ಬದಲಿಸುವುದು ದೂರ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಅರ್ಧ ಮೀಟರಿನಿಂದ ತೆಗೆದರೆ ಮೂಗು ಕಿವಿಗೆ ಹೋಲಿಸಿದಾಗ ಶೇ. 24ರಷ್ಟು ಹಿಗ್ಗಿ ಕಾಣುತ್ತದೆ. 2 ಮೀಟರಿನಿಂದಾದರೆ ಶೇ. 6 ಮಾತ್ರ. ಮೊಬೈಲಿನಲ್ಲಿ ಮುಖ ತುಂಬಿಕೊಳ್ಳಲು ಹತ್ತಿರ ಹೋಗುವವರು ಎದುರಿನವರನ್ನು ವಿಚಿತ್ರವಾಗಿ ಕಾಣಿಸುವುದು ಹೀಗೆ, ತಮಗೇ ತಿಳಿಯದಂತೆ. ಅತಿಯಾಗಿ ನೋಡಿಸಿಕೊಂಡವರ ವಿಷಯದಲ್ಲಿ ಇದು ಇಮ್ಮಡಿ ಅನ್ಯಾಯ. ನಾನು ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸ್ ಹಾಕಿ ಒಂದೂವರೆಯಿಂದ 2 ಮೀಟರ್ ದೂರ ನಿಲ್ಲುತ್ತೇನೆ. ಅದಕ್ಕಿಂತ ದೂರ ಹೋದರೆ ದನಿ ಎತ್ತಿ ಮಾತಾಡಬೇಕಾಗುತ್ತದೆ, ಆಗ ಮಾತು ಅಪ್ಪಣೆಯಂತೆ ಕೇಳುತ್ತದೆ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಅಗಲ) ಪೂರ್ತಿ ತೆರೆದು ಹಿನ್ನೆಲೆಯನ್ನು ಕರಗಿಸಿಬಿಡುವ ಚಟ ಈ ಕೆಲಸಕ್ಕೆ ಒಗ್ಗುವುದಿಲ್ಲ. 85 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಇಟ್ಟು ಒಂದೂವರೆ ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಮೂರೂವರೆ ಸೆಂಟಿಮೀಟರೂ ಇಲ್ಲ. ಒಂದು ಕಣ್ಣು ಸರಿಯಿದ್ದರೆ ಇನ್ನೊಂದು ಮಬ್ಬು. ಎಫ್/5.6ಕ್ಕೆ ಹೋದರೆ ಸುಮಾರು 10 ಸೆಂಟಿಮೀಟರ್ ಸಿಗುತ್ತದೆ, ಮುಖ ಇಡಿಯಾಗಿ ಬರುತ್ತದೆ. ಹಿನ್ನೆಲೆ ಸ್ವಲ್ಪ ಕಂಡರೆ ಕಾಣಲಿ. ಅವರು ನಿಂತಿರುವ ಜಾಗ ಅವರದೇ, ಅದನ್ನು ಅಳಿಸುವುದಕ್ಕೆ ಕಾರಣ ಬೇಕು.

ಬಿಳಿ ಕಾಗದದ ಹಿನ್ನೆಲೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಫೋಟೊಗ್ರಾಫರ್ ರಿಚರ್ಡ್ ಅವೆಡನ್ 1979ರಿಂದ 1984ರವರೆಗೆ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಸುತ್ತಿ ಗಣಿ ಕೆಲಸದವರು, ಊರೂರು ಅಲೆಯುವವರು, ಕಸಾಯಿಖಾನೆಯವರು ಹೀಗೆ 752 ಜನರನ್ನು ಬಿಳಿ ಕಾಗದದ ಮುಂದೆ, ಬಿಸಿಲು ತಾಗದ ನೆರಳಿನಲ್ಲಿ ನಿಲ್ಲಿಸಿ ತೆಗೆದರು. 8x10 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾ ಅದು. ಅವೆಡನ್ ಅದರ ಹಿಂದೆ ಅಡಗದೆ ಪಕ್ಕದಲ್ಲಿ, ಕೂತವರ ಕಣ್ಣಿಗೆ ಕಾಣುವಂತೆ ನಿಲ್ಲುತ್ತಿದ್ದರು. ಬಿಳಿ ಹಿನ್ನೆಲೆ ಆ ಮನುಷ್ಯನನ್ನು ಅವನ ಜಾಗದಿಂದ ಕಿತ್ತು ನಮ್ಮೆದುರು ನಿಲ್ಲಿಸುತ್ತದೆ. ಯಾರೂ ನೋಡದವರಿಗೆ ಅದು ಒಳ್ಳೆಯದೇ ಮಾಡಬಹುದು, ಕಾರಣ ನೋಡುವವರಿಗೆ ಬೇರೆ ಕಡೆ ಕಣ್ಣು ಹಾಯಿಸಲು ಜಾಗವಿಲ್ಲ. ಅತಿಯಾಗಿ ನೋಡಿಸಿಕೊಂಡವರಿಗೆ ಮಾತ್ರ ಅದನ್ನು ನಾನು ಬಳಸುವುದಿಲ್ಲ. ಬಿಳಿ ಹಿನ್ನೆಲೆ, ಸೀದಾ ಬೆಳಕು, ನೇರ ನಿಲುವು ಮೂರೂ ಸೇರಿದರೆ ಆಸ್ಪತ್ರೆಯ ದಾಖಲೆಯ ಫೋಟೊ ಆಗುತ್ತದೆ, ಅಂಥವನ್ನು ಅವರು ಬೇಕಾದಷ್ಟು ತೆಗೆಸಿಕೊಂಡಿರುತ್ತಾರೆ. ಅವೆಡನ್‌ರಿಂದ ನಾನು ಕಲಿತದ್ದು ಪಕ್ಕದಲ್ಲಿ ನಿಲ್ಲುವುದನ್ನು. ಕ್ಯಾಮೆರಾ ಟ್ರೈಪಾಡ್ ಮೇಲೆ, ಕೈಯಲ್ಲಿ ದೂರದಿಂದಲೇ ಕ್ಲಿಕ್ಕಿಸುವ ಕೇಬಲ್ ರಿಲೀಸ್, ನನ್ನ ಮುಖ ಅವರಿಗೆ ಪೂರ್ತಿ ಕಾಣುವಂತೆ.

ಕ್ಯಾಮೆರಾದ ಎತ್ತರವನ್ನು ಕಣ್ಣಳತೆಗೆ ಬಿಡದೆ ಟೇಪಿನಲ್ಲಿ ಅಳೆಯಬೇಕು. ನಿಂತು ತೆಗೆಯುವ ಅಭ್ಯಾಸವಿದ್ದವರ ಲೆನ್ಸ್ ನೆಲದಿಂದ 150-160 ಸೆಂಟಿಮೀಟರ್ ಮೇಲಿರುತ್ತದೆ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ಇರುವುದು ಸುಮಾರು 115ರಲ್ಲಿ. ಆ ವ್ಯತ್ಯಾಸ ಇದ್ದಂತೆಯೇ ತೆಗೆದರೆ ಅವರು ತಲೆ ಎತ್ತಿ ನೋಡಬೇಕು, ಚಿತ್ರದಲ್ಲಿ ಅದು ಬೇಡಿಕೆಯಂತೆ ಕಾಣುತ್ತದೆ. ಗಾಲಿಕುರ್ಚಿ ಅವರ ಮೈಯ ಭಾಗವಿದ್ದಂತೆ. ಅದಕ್ಕೆ ಒರಗುವುದು, ಹೇಳದೆ ತಿರುಗಿಸುವುದು, ಚೀಲ ತೂಗುಹಾಕುವುದು ಕೂಡದು.

ಗಿಡ್ಡ ದೇಹದವರ ಪೂರ್ತಿ ಮೈಯ ಚಿತ್ರದಲ್ಲಿ ಇನ್ನೂ ಎಚ್ಚರ ಬೇಕು. ಕಣ್ಣಿನ ಮಟ್ಟಕ್ಕೆ ಇಳಿದೆ ಎಂದು ಸಮಾಧಾನಪಟ್ಟರೆ ಸಾಲದು. ಪೂರ್ತಿ ಮೈ ತೆಗೆಯುವಾಗ ಲೆನ್ಸ್ ಆ ವ್ಯಕ್ತಿಯ ಎತ್ತರದ ಅರ್ಧದಲ್ಲಿರಬೇಕು. 105 ಸೆಂಟಿಮೀಟರ್ ಎತ್ತರದವರಿಗೆ ಅದು ನೆಲದಿಂದ 50-55 ಸೆಂಟಿಮೀಟರ್. ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ, ಕಾಲು ಇನ್ನೂ ಕುಳ್ಳಾಗಿ ಬರುತ್ತವೆ. ಸಾಮಾನ್ಯ ಟ್ರೈಪಾಡ್ ಅಷ್ಟು ಕೆಳಗೆ ಇಳಿಯುವುದಿಲ್ಲ, ನಡುವಿನ ಕಂಬ ತೆಗೆದುಹಾಕಬೇಕಾಗುತ್ತದೆ. ಕುರ್ಚಿಯ ಆಯ್ಕೆಯೂ ಅಷ್ಟೇ ಮುಖ್ಯ. ದೊಡ್ಡ ಕುರ್ಚಿಯಲ್ಲಿ ಕೂರಿಸಿ ಕಾಲು ತೂಗಾಡಿದರೆ ನಲವತ್ತು ವರ್ಷದ ಮನುಷ್ಯ ಮಗುವಿನಂತೆ ಕಾಣುತ್ತಾನೆ. ಪಾದ ನೆಲಕ್ಕೆ ಪೂರ್ತಿ ಊರುವಂಥ ಆಸನ ಹುಡುಕಬೇಕು, ಇಲ್ಲವೇ ಅವರು ಮನೆಯಲ್ಲಿ ಬಳಸುವುದನ್ನೇ ತರಿಸಬೇಕು.

ಬೆಳಕಿಗೆ ನನ್ನ ಮೊದಲ ಆಯ್ಕೆ ಯಾವಾಗಲೂ ಬಿಸಿಲು ನೇರ ಬೀಳದ ಕಿಟಕಿ. ಕೂತವರು ಅದರಿಂದ ಒಂದು ಮೀಟರ್ ದೂರ, ಮುಖ ಕಿಟಕಿಯತ್ತ ಅರ್ಧ ತಿರುಗಿ, ಇನ್ನೊಂದು ಬದಿಯಲ್ಲಿ ಒಂದು ಬಿಳಿ ಥರ್ಮಾಕೋಲ್ ಹಲಗೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 800, ಎಫ್/5.6, ಶಟರ್ (ಬೆಳಕನ್ನು ಒಳಬಿಡುವ ಹೊತ್ತು) 1/125 ಸೆಕೆಂಡ್ ಸುತ್ತಮುತ್ತ ಕೆಲಸ ನಡೆಯುತ್ತದೆ. ಕಲೆ ಇರುವ ಮುಖಕ್ಕೆ ಬೆಳಕಿನ ಕೋನವೇ ಎಲ್ಲ. ಬೆಳಕು ಪಕ್ಕದಿಂದ ಚರ್ಮವನ್ನು ಸವರಿಕೊಂಡು ಹೋದರೆ ಪ್ರತಿ ಉಬ್ಬಿಗೂ ಒಂದು ನೆರಳು ಹುಟ್ಟಿ ಸುಟ್ಟ ಗುರುತು ಎರಡರಷ್ಟು ಒರಟಾಗಿ ಬರುತ್ತದೆ. ಅದೇ ಬೆಳಕು ದೊಡ್ಡದಾಗಿ, ಮುಂದಿನಿಂದ ಬಂದರೆ ಗುರುತು ಇರುತ್ತದೆ, ಅದರ ಮೇಲಿನ ನಾಟಕ ಇರುವುದಿಲ್ಲ. ಎರಡೂ ನಿಜವೇ. ಯಾವುದು ಬೇಕು ಎಂಬುದನ್ನು ಮೊದಲೇ ಕೇಳಿರುತ್ತೇವಲ್ಲ, ಆ ಉತ್ತರ ಉಪಯೋಗಕ್ಕೆ ಬರುವುದು ಇಲ್ಲಿ.

ಕಪ್ಪು ಚರ್ಮದ ವಿಷಯದಲ್ಲಿ ಕ್ಯಾಮೆರಾದ ಲೆಕ್ಕವನ್ನು ನಂಬಬಾರದು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಬಿಳಿ ಅಂಗಿ ತೊಟ್ಟ ಕಪ್ಪು ಮನುಷ್ಯ ಎದುರಿದ್ದರೆ ಅದು ಅಂಗಿಯನ್ನು ಕಾಪಾಡಿ ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಒಂದು ಚುಕ್ಕಿಯಷ್ಟು ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಾಯಿಸಿ ಕೆನ್ನೆಯ ಮೇಲೆ ಅಳೆದು, ಅಲ್ಲಿಂದ ಒಂದು ಸ್ಟಾಪ್ ಕೆಳಗಿಟ್ಟರೆ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿದರೆ, ಚರ್ಮದ ನಿಜವಾದ ಗಾಢತೆ ಸಿಗುತ್ತದೆ. ಕಪ್ಪು ಚರ್ಮದ ಮೇಲೆ ಮುಖದ ಆಕಾರ ಬಿಡಿಸುವುದು ಬೆಳಕಿನ ಹೊಳಪು. ಹಾಗಾಗಿ ಬೆಳಕಿನ ಮೂಲ ಅಗಲವಾಗಿದ್ದಷ್ಟೂ ಒಳ್ಳೆಯದು, ಹೊಳಪು ಚುಕ್ಕಿಯಾಗದೆ ಹರಡಿಕೊಳ್ಳುತ್ತದೆ. ಪೌಡರ್ ಹಚ್ಚಿಸಿ ಆ ಹೊಳಪು ಕೊಂದರೆ ಮುಖ ಸಪಾಟಾಗುತ್ತದೆ. ಫಿಲ್ಮ್ ಕಾಲದಲ್ಲಿ ಹಲವು ದಶಕ ಬಣ್ಣದ ಪ್ರಿಂಟ್ ಸರಿಹೊಂದಿಸಲು ಲ್ಯಾಬ್‌ಗಳು ಬಳಸುತ್ತಿದ್ದ ಶರ್ಲಿ ಕಾರ್ಡ್ ಎಂಬ ಮಾದರಿಯಲ್ಲಿ ಇರುತ್ತಿದ್ದದ್ದು ಬಿಳಿ ಚರ್ಮದ ಹೆಂಗಸಿನ ಚಿತ್ರ. ಎಲ್ಲರ ಬಣ್ಣವನ್ನೂ ಅದಕ್ಕೆ ಹೊಂದಿಸುತ್ತಿದ್ದರು. ಕಪ್ಪು ಮುಖಗಳು ಕಣ್ಣು ಹಲ್ಲು ಮಾತ್ರವಾಗಿ ಬರುತ್ತಿದ್ದ ಹಳೆಯ ಗುಂಪು ಫೋಟೊಗಳ ಹಿಂದೆ ಇಂಥ ತೀರ್ಮಾನಗಳೂ ಇವೆ.

ತೊನ್ನು ಇರುವವರ ಚಿತ್ರದಲ್ಲಿ ಬಿಳಿ ಭಾಗಕ್ಕೆ ಎಕ್ಸ್‌ಪೋಶರ್ ಹೊಂದಿಸಿ, ಕಪ್ಪು ಭಾಗವನ್ನು ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲು) ಮೇಲೆತ್ತುವುದು ಕ್ಷೇಮ. ಬಿಳಿ ಭಾಗದ ವಿವರ ಸುಟ್ಟುಹೋದರೆ ಅಲ್ಲಿ ಚರ್ಮವೇ ಇಲ್ಲದಂತೆ, ಕಾಗದ ಅಂಟಿಸಿದಂತೆ ಕಾಣುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಚರ್ಮ ನಯಗೊಳಿಸುವ ಸೆಟ್ಟಿಂಗ್ ಮುಚ್ಚಿರಬೇಕು, ಎಷ್ಟೋ ಫೋನ್‌ಗಳಲ್ಲಿ ಅದು ಕೇಳದೆಯೇ ಚಾಲೂ ಇರುತ್ತದೆ. ಹುಟ್ಟಿನಿಂದಲೇ ಮೈಬಣ್ಣವಿಲ್ಲದ, ಆಲ್ಬಿನಿಸಂ ಇರುವವರಿಗೆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ದೃಷ್ಟಿಯೂ ಸಾಮಾನ್ಯವಾಗಿ ಮಂದ. ಫ್ಲ್ಯಾಶ್ ಬೇಡವೇ ಬೇಡ, ಕಿಟಕಿಗೂ ತೆಳು ಪರದೆ ಹಾಕಬೇಕು. ಅನೇಕರ ಕಣ್ಣುಗುಡ್ಡೆ ತಾನಾಗಿಯೇ ಅತ್ತಿತ್ತ ಓಲಾಡುತ್ತಿರುತ್ತದೆ. ಕೆಲವರಲ್ಲಿ ತಲೆಯನ್ನು ಒಂದು ಕೋನಕ್ಕೆ ತಿರುಗಿಸಿದಾಗ ಆ ಓಲಾಟ ತಗ್ಗುತ್ತದೆ, ಅವರಿಗೆ ಚೆನ್ನಾಗಿ ಕಾಣುವುದೂ ಆ ಕೋನದಲ್ಲೇ. ಅದು ಗೊತ್ತಿಲ್ಲದವರು "ತಲೆ ನೆಟ್ಟಗೆ ಮಾಡಿ" ಎನ್ನುತ್ತಾರೆ. ಅವರು ತಾವಾಗಿ ಹಿಡಿದ ಕೋನವೇ ಅವರ ನೆಟ್ಟಗೆ. 1/250 ಸೆಕೆಂಡ್ ಇಟ್ಟರೆ ಕಣ್ಣು ಸ್ಪಷ್ಟವಾಗಿ ಬರುತ್ತದೆ.

ಮುಖದ ಒಂದು ಬದಿ ಬಿದ್ದುಹೋದವರಿಗೆ "ನಗಿ" ಎನ್ನಬಾರದು. ನಗು ಒಂದೇ ಬದಿಗೆ ಎಳೆಯುತ್ತದೆ, ಅದನ್ನು ಮುಚ್ಚಲು ಕೈ ಬಾಯಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಆ ದಿನ ಕೈ ಇಳಿಯುವುದಿಲ್ಲ. ಆ ಬದಿಯ ಕಣ್ಣು ಪೂರ್ತಿ ಮುಚ್ಚದೆ ಒಣಗುವುದರಿಂದ ಫ್ಯಾನ್ ಬೇರೆ ಕಡೆ ತಿರುಗಿಸಿ, ಐದು ನಿಮಿಷಕ್ಕೊಮ್ಮೆ ಬಿಡುವು ಕೊಡಬೇಕು. ಫೋಟೊ ತೋರಿಸುವಾಗಲೂ ಒಂದು ಸೂಕ್ಷ್ಮವಿದೆ. ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ. ಫೋಟೊದಲ್ಲಿ ಅದು ತಿರುವುಮುರುವು. ಎರಡೂ ಬದಿ ಒಂದೇ ಸಮ ಇಲ್ಲದ ಮುಖ ಹೀಗೆ ತಿರುಗಿದಾಗ ಸ್ವಂತದ್ದೇ ಅಪರಿಚಿತವಾಗಿ ಕಂಡು ಬೆಚ್ಚುತ್ತಾರೆ. ನಾನು ಅದೇ ಚಿತ್ರವನ್ನು ತಿರುಗಿಸಿದ ಪ್ರತಿಯನ್ನೂ ಪಕ್ಕದಲ್ಲಿಟ್ಟು ತೋರಿಸಿ ಕಾರಣ ಹೇಳುತ್ತೇನೆ. "ಹಾಗಾದರೆ ಇದು ನೀವು ನೋಡುವ ನಾನು" ಎಂದು ತಾವೇ ಹೇಳಿಕೊಳ್ಳುತ್ತಾರೆ.

ಪಾರ್ಕಿನ್ಸನ್‌ನ ಕೈ ನಡುಕ ಸೆಕೆಂಡಿಗೆ 4ರಿಂದ 6 ಬಾರಿ ಇರುತ್ತದೆ, ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಹೆಚ್ಚು. ಏನಾದರೂ ಮಾಡುವಾಗ, ಎತ್ತಿ ಹಿಡಿಯುವಾಗ ತಗ್ಗುತ್ತದೆ. ಕೈ ಸ್ಥಿರವಾಗಿ ಬರಲಿ ಎನ್ನುವವರಿಗೆ ಅವರದೇ ಪುಸ್ತಕವೋ ಉಪಕರಣವೋ ಕೈಯಲ್ಲಿರಲಿ, ಶಟರ್ 1/250. ನಡುಕವೂ ಇರಲಿ ಎನ್ನುವವರಿದ್ದಾರೆ. ಅವರಿಗೆ ಟ್ರೈಪಾಡ್ ಮೇಲೆ 1/8 ಸೆಕೆಂಡಿನಲ್ಲಿ, ಮುಖ ಅಲುಗದಂತೆ ತಲೆಗೆ ಒರಗು ಕೊಟ್ಟು ತೆಗೆದರೆ ಮುಖ ಸ್ಪಷ್ಟ, ಬೆರಳು ಮಾತ್ರ ಹೊಗೆಯಂತೆ.

ಕಣ್ಣು ಕಾಣದವರೊಂದಿಗೆ ಮೊದಲು ಕ್ಯಾಮೆರಾ ಮುಟ್ಟಿಸುತ್ತೇನೆ: ಇದು ಲೆನ್ಸು, ಇದು ಇಷ್ಟು ದೂರದಲ್ಲಿ, ನಿಮ್ಮ ಗದ್ದದ ಎತ್ತರದಲ್ಲಿದೆ ಎಂದು. ಶಬ್ದವಿಲ್ಲದ ಶಟರ್ ಆಗ ಬಳಸಬಾರದು, ತೆಗೆದದ್ದು ಅವರಿಗೆ ಕೇಳಿಸಬೇಕು. ಕಿವಿ ಕೇಳದವರೊಂದಿಗೆ ಇದರ ಉಲ್ಟಾ. ನನ್ನ ಮುಖದ ಮೇಲೆ ಬೆಳಕಿರಬೇಕು, ತುಟಿ ಕಾಣಬೇಕು. ದುಭಾಷಿ ಇದ್ದರೆ ಅವರನ್ನು ನನ್ನ ಭುಜದ ಪಕ್ಕಕ್ಕೆ ನಿಲ್ಲಿಸಿ, ಮಾತು ಮಾತ್ರ ಕೂತವರನ್ನೇ ನೋಡಿ ಆಡಬೇಕು. ಸಂಜ್ಞೆಯ ಅರ್ಧದಲ್ಲಿ ಕ್ಲಿಕ್ಕಿಸಿದ ಚಿತ್ರ ಬಾಯಿ ತೆರೆದಾಗ ತೆಗೆದದ್ದಕ್ಕೆ ಸಮ, ಆಡಿದ ಮಾತು ಅದರಲ್ಲಿ ತುಂಡಾಗಿರುತ್ತದೆ.

ರಾತ್ರಿ ಕೆಲಸದವರನ್ನು ತೆಗೆಯುವಾಗ ಎರಡು ಕಡೆ ಎಡವುವುದು ಖಂಡಿತ. ಒಂದು, ಅವರ ಜಾಕೆಟ್ಟಿನ ಹೊಳೆಯುವ ಪಟ್ಟಿ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುವಂತೆ ಅದನ್ನು ಮಾಡಿರುತ್ತಾರೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಬಿಟ್ಟರೆ ಎರಡು ಉರಿಯುವ ಗೆರೆ ಬರುತ್ತವೆ, ನಡುವೆ ಮನುಷ್ಯನೇ ಇರುವುದಿಲ್ಲ. ಯಾರೂ ನೋಡದವರನ್ನು ಚಿತ್ರದಲ್ಲೂ ಕಳೆದುಕೊಂಡ ಹಾಗೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಒಂದು ಮೀಟರಿನಷ್ಟು ಪಕ್ಕಕ್ಕೆ ಹಿಡಿದರೆ ಪಟ್ಟಿ ಬೂದು ಬಟ್ಟೆಯಾಗಿ ತಣ್ಣಗಾಗುತ್ತದೆ. ಎರಡನೆಯದು ಅಗ್ಗದ ಎಲ್‌ಇಡಿ ದೀಪ. 50 ಹರ್ಟ್ಸ್ ವಿದ್ಯುತ್ತಿರುವ ಕಡೆ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ 1/125 ಇಟ್ಟರೆ ಚಿತ್ರಕ್ಕೆ ಅಡ್ಡ ಪಟ್ಟೆ ಬೀಳಬಹುದು. 1/50 ಅಥವಾ 1/100ಕ್ಕೆ ಇಳಿಸಬೇಕು. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಚರ್ಮ ಹಸಿರಾಗದಂತೆ ಮುಖದ ಪಕ್ಕ ಬೂದು ಕಾರ್ಡ್ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಂಡರೆ ಬಣ್ಣ ಆಮೇಲೆ ಸರಿಹೋಗುತ್ತದೆ.

ಕೆಲಸಗಾರರ ಕೈಗೆ ಪೊರಕೆಯನ್ನೋ ಗುದ್ದಲಿಯನ್ನೋ ಕೊಟ್ಟು ನಿಲ್ಲಿಸುವುದು ಸುಲಭ. ಹಾಗೆ ಮಾಡಿದರೆ ನೋಡುವವರು ಉಪಕರಣ ಓದಿ ಮುಂದೆ ಹೋಗುತ್ತಾರೆ. ಸಮವಸ್ತ್ರದಲ್ಲಿ ಒಂದು, ಅವರೇ ಆರಿಸಿದ ಬಟ್ಟೆಯಲ್ಲಿ ಒಂದು, ಹೀಗೆ ಎರಡೂ ತೆಗೆದು ಆಯ್ಕೆ ಅವರಿಗೆ ಬಿಡುತ್ತೇನೆ.

ಕೈಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಶವಾಗಾರದಲ್ಲಿ ಹೆಣ ತೊಳೆಯುವವರು ಗಂಟೆಗಟ್ಟಲೆ ರಬ್ಬರ್ ಗ್ಲೌಸ್ ಹಾಕಿರುತ್ತಾರೆ. ಗ್ಲೌಸ್ ಕಳಚಿದ ಹೊತ್ತಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಉಗುರಿನ ಸುತ್ತ ಚರ್ಮ ಮೆತ್ತಗೆ ಎದ್ದು, ಮುಂಗೈಯ ಮೇಲೆ ಗ್ಲೌಸಿನ ಅಂಚು ಒತ್ತಿದ ಒಂದು ಸುತ್ತು ಗೆರೆ ಉಳಿದಿರುತ್ತದೆ. ಕ್ಯಾಮೆರಾ ಕಂಡೊಡನೆ ಆ ಕೈ ಬೆನ್ನ ಹಿಂದೆ ಹೋಗುತ್ತದೆ. ಮುಂದೆ ತನ್ನಿ ಎಂದು ನಾನು ಹೇಳುವುದಿಲ್ಲ. ಒಂದು ಮೇಜು ಹಾಕಿ ಎದುರುಬದುರು ಕೂತು, ನನ್ನ ಕೈಯನ್ನು ಮೇಜಿನ ಮೇಲಿಟ್ಟು ಮಾತಾಡುತ್ತೇನೆ. ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಅವರದ್ದೂ ಮೇಲೆ ಬರುತ್ತದೆ. ಬರದಿದ್ದರೆ ಆ ಚಿತ್ರದಲ್ಲಿ ಕೈಯಿಲ್ಲ. ಬಂದರೆ ಗಮನಿಸಬೇಕಾದದ್ದು ಇದು: ಮೇಜಿನ ಮೇಲಿನ ಕೈ ಮುಖಕ್ಕಿಂತ 30-40 ಸೆಂಟಿಮೀಟರ್ ಮುಂದಿರುತ್ತದೆ, ಹಾಗಾಗಿ ದೊಡ್ಡದಾಗಿಯೂ ಮಬ್ಬಾಗಿಯೂ ಬರುತ್ತದೆ. ಅರ್ಧ ಮೀಟರ್ ಹಿಂದೆ ಸರಿದು, ಎಫ್/11ಕ್ಕೆ ಇಳಿಸಿ, ಫೋಕಸನ್ನು ಕಣ್ಣಿಗಿಂತ ತುಸು ಮುಂದೆ ಇಡಬೇಕು. ಅದಕ್ಕೆ ಬೇಕಾದ ಬೆಳಕು ಕಿಟಕಿಯಲ್ಲಿ ಸಿಗದಿದ್ದರೆ ಐಎಸ್‌ಒ 3200ಕ್ಕೆ ಏರಿಸಲು ಹಿಂಜರಿಯಬಾರದು. ಕಾಳು ಕಾಳಾದರೂ ಸರಿ, ಆ ಗೆರೆ ಕಾಣಬೇಕು.

ಒಟ್ಟು ಒಂದೂವರೆ ಗಂಟೆ ಇಟ್ಟುಕೊಂಡರೆ ಅದರಲ್ಲಿ ಫೋಟೊ ತೆಗೆಯುವುದು 25 ನಿಮಿಷ, 40-60 ಕ್ಲಿಕ್. ಮೊದಲ ಹನ್ನೆರಡರಲ್ಲಿ ಎಲ್ಲರದ್ದೂ ಗುರುತಿನ ಚೀಟಿಯ ಮುಖ. ಅದು ಕಳೆಯಲಿ ಎಂದು ಕಾಯಬೇಕು. ಆಮೇಲೆ ಕಣ್ಣು ಮುಚ್ಚಿ, ಉಸಿರು ಪೂರ್ತಿ ಬಿಟ್ಟು, ಕಣ್ಣು ತೆರೆಯಿರಿ ಎನ್ನುತ್ತೇನೆ. ತೆರೆದ ಮೊದಲ ಒಂದು ಸೆಕೆಂಡ್ ಅಮೂಲ್ಯ. ಕೆಲವರು "ಮುಗೀತು" ಎಂದು ಸುಳ್ಳು ಹೇಳಿ, ಎದುರಿನವರು ಸಡಿಲವಾದಾಗ ಕದ್ದು ತೆಗೆಯುತ್ತಾರೆ. ಚಿತ್ರ ಚೆನ್ನಾಗಿಯೇ ಬರಬಹುದು. ಆದರೆ ಜೀವನವಿಡೀ ಕದ್ದು ನೋಡಿಸಿಕೊಂಡವರ ಮುಂದೆ ಅದನ್ನು ಮಾಡುವುದು ನಂಬಿಕೆದ್ರೋಹ. ನಾನು ಮಾಡುವುದಿಲ್ಲ.

ಎಡಿಟ್ ಮಾಡುವಾಗ ನನಗೊಂದೇ ಕಟ್ಟುಪಾಡು. ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು, ಮೊಡವೆಯನ್ನೋ ಗೀರನ್ನೋ, ಅವರು ಕೇಳಿದರೆ ತೆಗೆಯಬಹುದು. ಯಾವಾಗಲೂ ಇರುವಂಥದ್ದು ಇರುತ್ತದೆ. ಇದಕ್ಕಿಂತ ದೊಡ್ಡ ಆಮಿಷ ಉಲ್ಟಾ ದಿಕ್ಕಿನದು: ಕಪ್ಪು ಬಿಳುಪಿಗೆ ಬದಲಾಯಿಸಿ, ಕ್ಲಾರಿಟಿ ಏರಿಸಿ, ಸುಕ್ಕುಗಳನ್ನೆಲ್ಲ ಕೆತ್ತಿದಂತೆ ಮಾಡುವುದು. ಬಡವರ, ಮುದುಕರ ಮುಖಕ್ಕೆ ಮಾತ್ರ ಈ ಉಪಚಾರ ಯಾಕೆ ಸಲ್ಲುತ್ತದೆ ಎಂದು ಕೇಳಿಕೊಳ್ಳಬೇಕು. ಒಬ್ಬ ಮಂತ್ರಿಗೆ ಮಾಡದ್ದನ್ನು ಕಸ ಆಯುವವರಿಗೂ ಮಾಡಬಾರದು. ಫೈಲು ಹೊರಗೆ ಹೋಗುವ ಮೊದಲು ಅದರಲ್ಲಿ ಅಡಗಿರುವ ಜಿಪಿಎಸ್ ಮಾಹಿತಿ (ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶ) ಅಳಿಸಲೇಬೇಕು. ಬೀದಿಯಲ್ಲಿ ಮಲಗುವವರು, ಮನೆಯವರಿಂದ ತಪ್ಪಿಸಿಕೊಂಡು ಬಂದವರು ಎಲ್ಲಿ ಸಿಗುತ್ತಾರೆ ಎಂಬುದು ಆ ಎರಡು ಅಂಕಿಗಳಲ್ಲಿ ಬಯಲಾಗುತ್ತದೆ.

ಅಡಿಬರಹದಲ್ಲಿ ನಮ್ಮ ಭಾಷೆಯೇ ನಮ್ಮನ್ನು ಬೀಳಿಸುತ್ತದೆ. "ಬಳಲುತ್ತಿರುವ", "ಮೆಟ್ಟಿ ನಿಂತ", "ಆದರೂ ನಗು ಮಾಸಿಲ್ಲ" ಎಂಬ ಪದಗಳು ಕೈಗೆ ತಾವಾಗಿ ಬರುತ್ತವೆ. ಒಂದೊಂದೂ ಚಿತ್ರದಲ್ಲಿರುವ ಮನುಷ್ಯನನ್ನು ಸರಿಸಿ ಅಲ್ಲಿ ನಮ್ಮ ಕನಿಕರವನ್ನು ಕೂರಿಸುತ್ತದೆ. "ನಿಮ್ಮ ಬಗ್ಗೆ ಒಂದು ಸಾಲು ಬರೆಯುವುದಾದರೆ ಏನು ಬರೆಯಲಿ?" ಎಂದು ಕೇಳಿ, ಬರೆದು, ಓದಿ ಹೇಳಿ, ಹೆಸರಿನ ಕಾಗುಣಿತ ಎರಡು ಸಲ ನೋಡುತ್ತೇನೆ. ಬರುವ ಉತ್ತರದಲ್ಲಿ ಹೆಚ್ಚಾಗಿ ಕಲೆಯ ಮಾತೇ ಇರುವುದಿಲ್ಲ, ಮಕ್ಕಳ ಹೆಸರಿರುತ್ತದೆ, ಇಲ್ಲವೇ ಸರ್ವಿಸ್ಸಿನ ವರ್ಷವಿರುತ್ತದೆ.

ಪ್ರಿಂಟ್ ಕೊಡದೆ ಈ ಕೆಲಸ ಮುಗಿಯುವುದಿಲ್ಲ. ಫೋನಿಗೆ ಕಳಿಸಿದ್ದು ಫೋನ್ ಕೆಟ್ಟ ದಿನ ಹೋಗುತ್ತದೆ. 8x10 ಇಂಚು, ಮ್ಯಾಟ್ ಕಾಗದ, ಹಿಡಿದುಕೊಳ್ಳಲು ಸುತ್ತ ಅರ್ಧ ಇಂಚು ಬಿಳಿ ಅಂಚು, ಎರಡು ಪ್ರತಿ. ಒಂದು ಇಟ್ಟುಕೊಳ್ಳಲು, ಇನ್ನೊಂದು ಯಾರಿಗಾದರೂ ಕೊಡಲು. ಹಿಂದೆ ಹೆಸರು, ತಾರೀಖು ಪೆನ್ಸಿಲಿನಲ್ಲಿ; ಪೆನ್ನಿನ ಮಸಿ ಎದುರು ಬದಿಗೆ ಇಳಿಯಬಹುದು. ಒದ್ದೆಯಾಗುವ ಕಡೆ ವಾಸಿಸುವವರಿಗೆ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತೇನೆ.

ಅಮೆರಿಕದ ಬಫಲೋ ನಗರದಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತಿದ್ದ ಮಿಲ್ಟನ್ ರೊಗೊವಿನ್, ತಮ್ಮ ಅಂಗಡಿಯ ಸುತ್ತಲಿನ ಬಡ ಬಡಾವಣೆಯ ಜನರನ್ನು 1970ರ ದಶಕದಲ್ಲಿ ತೆಗೆಯಲು ಶುರು ಮಾಡಿದರು. ಹೇಗೆ ನಿಲ್ಲಬೇಕೆಂದು ಹೇಳದೆ ಅವರಿಗೇ ಬಿಡುತ್ತಿದ್ದರು, ಪ್ರಿಂಟ್ ತಂದುಕೊಡುತ್ತಿದ್ದರು, ವರ್ಷಗಳ ನಂತರ ಅದೇ ಜನರನ್ನು ಹುಡುಕಿಕೊಂಡು ಹೋಗಿ ಮತ್ತೆ ತೆಗೆಯುತ್ತಿದ್ದರು. ಇದನ್ನು ತಿಳಿದ ಮೇಲೆ ನಾನೂ ಪ್ರತಿ ಭೇಟಿಯ ಕೊನೆಗೆ ನೋಟ್‌ಬುಕ್ಕಿನಲ್ಲಿ ಮೂರು ಅಳತೆ ಬರೆದಿಡುತ್ತೇನೆ: ನೆಲದಿಂದ ಲೆನ್ಸಿನ ಎತ್ತರ, ಲೆನ್ಸಿನಿಂದ ಕಣ್ಣಿನ ದೂರ, ಕಿಟಕಿಯಿಂದ ಕುರ್ಚಿಯ ದೂರ. ಪಕ್ಕದಲ್ಲಿ ತಿಂಗಳು, ಗಂಟೆ. ಅಷ್ಟಿದ್ದರೆ ಹತ್ತು ವರ್ಷ ಬಿಟ್ಟು ಅದೇ ಮುಖದ ಎದುರು, ಅದೇ ಬೆಳಕಿನಲ್ಲಿ, ಅದೇ ಜಾಗದಲ್ಲಿ ಟ್ರೈಪಾಡ್ ಊರಬಹುದು.